ಟೋಪಿ ಹೊತ್ತ ಅಕ್ಷರಗಳು

ಘಟಪ್ರಭಾ ದಂಡೆಯಿಂದ, ೨೨೧೯ನೇ ಇಸವಿ, ಹದಿಮೂರನೇ ತಿಂಗಳ ಇಪ್ಪತ್ತನೇ ದಿನ

ರಕ್ತನಿಧಿಯ ಕಂಪ್ಯೂಟರ್ ನೋಡಿಕೊಳ್ಳುವ ನಿಂಬೆವ್ವನವರಿಗೆ ಇಂದುಮತಿಯ ನಮಸ್ಕಾರಗಳು.

ಇನ್ನೂರು ವರ್ಷ ಹಿಂದಕ್ಕೆ, ನಿಮ್ಮ ಕಾಲಕ್ಕೆ ಕಳಿಸುತ್ತಿರುವ ಪತ್ರವಿದು, ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಾವು ವರ್ಷಕ್ಕೆ ಒಂದು ತಿಂಗಳು ಸೇರಿಸಿಕೊಂಡೆವು. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬಿಡಿಸುಗಾರ್ತಿ, ಎಂದರೆ ನಿಮ್ಮ ಕಾಲದ ಕಂಪ್ಯೂಟರುಗಳಲ್ಲಿ ಸಿಕ್ಕಾದ ಬರಹವನ್ನು ಗಂಟು ಬಿಡಿಸಿ ಓದುವವಳು.

ಇಲ್ಲಿ ರಕ್ತವನ್ನು ಗುಡಾಣಗಳಲ್ಲಿ ಬೆಳೆಸುತ್ತೇವೆ. ಪ್ರತಿ ಓಣಿಗೂ ಒಂದು ಗುಡಾಣ, ಅದರ ಪಕ್ಕದಲ್ಲೇ ಮೊಸರಿನದು, ಹೊಸಬರು ಬೆಚ್ಚಿಬೀಳುತ್ತಾರೆ. ಆದರೆ ಸಾವಿರಾರು ಜನರಲ್ಲಿ ಒಬ್ಬರಿಗಿರುವ ಬಾಂಬೆ ಗುಂಪಿನ ರಕ್ತ ಮಾತ್ರ ಏನು ಮಾಡಿದರೂ ಬೆಳೆಯದು, ಆ ಗುಂಪಿನವರಿಗೆ ಬೇರೆ ರಕ್ತ ಒಗ್ಗದು. ನನ್ನ ತಂಗಿ ತುಂಗವ್ವನದು ಅದೇ ಗುಂಪು, ಹಾಳಾದ್ದು! ಹೆರಿಗೆಗೆ ಹತ್ತು ದಿನವಿದ್ದಾಗ, ರಕ್ತ ಸಿಗದಿದ್ದರೆ ಅವಳು ಉಳಿಯುವುದು ಕಷ್ಟ ಎಂದರು ವೈದ್ಯರು. ಇದು ವಂಶದಲ್ಲಿ ಇಳಿದು ಬರುವ ಗುಂಪಾದ್ದರಿಂದ, ಹಳೆಯ ದಾನಿಗಳ ಹೆಸರು ಹಿಡಿದು ಅವರ ಪೀಳಿಗೆಯನ್ನು ಹುಡುಕುವುದು ನಮ್ಮ ವಾಡಿಕೆ.

ನಿಮ್ಮ ಪಟ್ಟಿಗಳು ಸಿಕ್ಕವು. ಜಾಲತಾಣದ ಫಾರ್ಮಿನಲ್ಲಿ ದಾನಿಗಳು ಕನ್ನಡದಲ್ಲೇ ಹೆಸರು, ಊರು ತುಂಬಿದ್ದರು. ಕಂಪ್ಯೂಟರ್ ಅದನ್ನು ಪರದೇಶದ ಲಿಪಿ ಎಂದುಕೊಂಡು ತಪ್ಪಾಗಿ ಓದಿತ್ತು. ಮೊದಲ ವರ್ಷದ ಪಟ್ಟಿಯನ್ನು ಯಾರೋ ಅಚ್ಚುಕಟ್ಟಿನವರು ಶುಚಿ ಮಾಡಿ, ಅರ್ಥವಾಗದ ಪ್ರತಿ ಗುರುತಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು. ಅಲ್ಲಿ ಬಿಡಿಸಲು ಗಂಟೇ ಉಳಿದಿರಲಿಲ್ಲ. ನಾನು ಅತ್ತುಬಿಟ್ಟೆ. ಎರಡನೇ ವರ್ಷದ್ದು ತೆರೆದರೆ, ತಲೆಗೆ ಟೋಪಿ, ಚುಕ್ಕೆ ಇಟ್ಟುಕೊಂಡ ಪರದೇಶಿ ಅಕ್ಷರಗಳು ಸಾಲು ಸಾಲು! ನೋಡಲು ಕಸ, ಆದರೆ ಪ್ರತಿ ಕನ್ನಡ ಅಕ್ಷರದ ಸಂಕೇತ ಸಂಖ್ಯೆಯೂ ಅದರೊಳಗೆ ಕ್ರಮವಾಗಿ ಕೂತಿತ್ತು. ಕಂಪ್ಯೂಟರಿಗೆ ಇದು ಕನ್ನಡವೆಂದು ತಿಳಿಸಿ ಮತ್ತೆ ಓದಿಸಿದೆ. ಗುರುಬಾಯಿ ಕಲಾದಗಿ, ಬಾಂಬೆ ಗುಂಪು. ಎದ್ದು ಕುಣಿದೆ, ಸುಳ್ಳೇಕೆ ಹೇಳಲಿ.

ಅವರ ವಂಶದ ಏಳನೇ ತಲೆಮಾರಿನವಳು ನದಿಯಾಚೆ ಸಿಕ್ಕಳು. ಅವಳದೂ ಅದೇ ರಕ್ತ. "ಗುರುಬಾಯಿ ಅಂದ್ರ ನಮ್ಮ ಮನಿ ಫೋಟೋದಾಗಿನ ಅಜ್ಜಿ! ನಿಮಗ ಹೆಂಗ ಗೊತ್ತಾತ್ರೀ?" ಎನ್ನುತ್ತಲೇ ತೋಳು ಚಾಚಿದಳು.

ಈ ಪತ್ರ ತಲುಪುವ ದಿನ ನಿಮ್ಮ ಮೇಲಿನವರು ಎರಡನೇ ಪಟ್ಟಿಯನ್ನೂ ಶುಚಿ ಮಾಡಲು ಹೇಳುತ್ತಾರೆ. ಫಾರ್ಮನ್ನು ಮುಂದಿನವರಿಗಾಗಿ ಸರಿಪಡಿಸಿ. ಹಳೆಯ ಕಸವನ್ನು ಇದ್ದಂತೆಯೇ ಬಿಡಿ. ಬೈದರೆ ಬೈಸಿಕೊಳ್ಳಿ. ಅಳಿಸುವ ಗುಂಡಿಯಿಂದ ಕೈ ತೆಗೆಯಿರಿ, ಅಕ್ಕಾ. ತುಂಗವ್ವ ಅಂಗಳದಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ಬಟ್ಟಲು ಎಲ್ಲಿಟ್ಟೆ ಎಂದು ನನ್ನನ್ನು ಬೈಯುತ್ತಿದ್ದಾಳೆ.