ಅಮ್ಮನ ಮಾತಿಗೆ ಮಗನ ಕೈ

ಪಿಯೆತ್ರಾಲ್ಬಾ ಕೋಟೆ
ಸಂತ ಮಾರ್ಟಿನರ ಹಬ್ಬ ಕಳೆದ ಮೇಲಿನ ಶನಿವಾರ

ಪ್ರೀತಿಯ ತಂಗಿ ರೋಲಿಂದಾಳಿಗೆ,

ಅಕ್ಕ ಎರ್ಮೆಲಿನಾ ಮಾಡುವ ಆಶೀರ್ವಾದಗಳು. ನೀನೀಗ ಲುಕ್ಕಾದ ಕನ್ಯಾಮಠಕ್ಕೆ ಹಿರಿಯಳು. ಅಷ್ಟೊಂದು ಸನ್ಯಾಸಿನಿಯರು ನಿನ್ನ ಮುಂದೆ ಮಂಡಿಯೂರುತ್ತಾರೆ. ನ್ಯಾಯವಾಗಿ ನಾನೇ ನಿನ್ನ ಆಶೀರ್ವಾದ ಬೇಡಬೇಕು. ಆದರೆ ಚಿಕ್ಕಂದಿನಲ್ಲಿ ನಿನ್ನ ಮೂಗು ಒರೆಸಿದವಳು ನಾನು, ಆದ್ದರಿಂದ ಆಶೀರ್ವಾದ ನನ್ನ ಕಡೆಯಿಂದಲೇ ಬರಲಿ.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ನಿನ್ನ ಪತ್ರ ಬಂದಿತ್ತು. "ಬದುಕಿದ್ದೀಯೋ ಇಲ್ಲವೋ ಅದನ್ನಾದರೂ ಬರೆ" ಎಂದು ಬೈದಿದ್ದೆ. ಬದುಕಿದ್ದೇನೆ, ಚೆನ್ನಾಗಿಯೇ ಇದ್ದೇನೆ. ತಡವಾದದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಹಂದಿ ಕೊಯ್ಯುವ ಕೆಲಸವೂ ಇಬ್ಬರು ಧರ್ಮಾಧಿಕಾರಿಗಳ ಆಗಮನವೂ ಒಂದೇ ವಾರಕ್ಕೆ ಬಂದುಬಿಟ್ಟವು. ಎರಡರಲ್ಲಿ ಹಂದಿಗಳ ಕೆಲಸವೇ ಸುಲಭವಾಗಿತ್ತು. ಇದನ್ನು ಬರೆದುಕೊಳ್ಳುತ್ತಿರುವ ನಮ್ಮ ನೋಟರಿ ಲಾನ್ಫ್ರಾಂಕೊ ಲೇಖನಿ ಎತ್ತಿ ಹಿಡಿದು, "ಅಮ್ಮಾವ್ರೇ, ಈ ಮಾತು ಬೇಕಾ?" ಎಂದು ಮುಖ ಸಿಂಡರಿಸುತ್ತಿದ್ದಾನೆ. ಬೇಕು, ಬರಿ ಎಂದಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಸಂಧಿಯಾಯಿತು! ರೋಮಿನಲ್ಲಿ ಅಲ್ಲ, ಜರ್ಮನಿಯಲ್ಲಿ ಅಲ್ಲ. ದೊಡ್ಡವರ ಜಗಳ ಅಲ್ಲಿ ಇನ್ನೂ ಇದ್ದ ಹಾಗೆಯೇ ಇದೆ. ನಮ್ಮ ಕಣಿವೆಯ ಮಟ್ಟಿಗೆ, ಬರುವ ಜೂನಿನ ಸಂತ ಯೋಹಾನರ ಹಬ್ಬದವರೆಗೆ, ಚಕ್ರವರ್ತಿಯ ಸೈನಿಕರು ಹೊಲಕ್ಕೆ ಕಾಲಿಡುವಂತಿಲ್ಲ, ಗಿರಣಿಗೆ ಬೆಂಕಿ ಇಡುವಂತಿಲ್ಲ. ನಾನು ಬೆಟ್ಟದ ದಾರಿಯನ್ನು ಯಾರಿಗೂ ಮುಚ್ಚುವಂತಿಲ್ಲ. ಪೋಪರ ಯಾತ್ರಿಕರೂ ಚಕ್ರವರ್ತಿಯ ಉಪ್ಪಿನ ಹೇಸರಗತ್ತೆಗಳೂ ಒಂದೇ ದಾರಿಯಲ್ಲಿ ಒಂದನ್ನೊಂದು ಬೈದುಕೊಳ್ಳುತ್ತಾ ನಡೆಯಬಹುದು.

ಬೇಸಿಗೆಯಲ್ಲಿ ಚಕ್ರವರ್ತಿಯ ಸೈನ್ಯ ನಮ್ಮ ಕೋಟೆಗೆ ಮುತ್ತಿಗೆ ಹಾಕಿ ಹೋದ ಮೇಲೆ ಇಲ್ಲಿಯ ಸ್ಥಿತಿ ಹೇಗಿತ್ತೆಂದು ನಿನಗೆ ಹೇಳಿರಲಿಲ್ಲ. ಬಿಷಪರ ಕೈಗೆ ಉಂಗುರ ತೊಡಿಸುವ ಹಕ್ಕು ಪೋಪರದೋ ಚಕ್ರವರ್ತಿಯದೋ ಎಂದು ಇಬ್ಬರೂ ಹಟ ಹಿಡಿದು ಕೂತರು, ಬೂದಿಯಾದದ್ದು ಮಾತ್ರ ಹೊಳೆದಂಡೆಯ ನಮ್ಮ ಗಿರಣಿ. ಎರಡು ಕೋಣ ಕಾದಾಡಿದರೆ ಸಾಯುವುದು ಗಿಡ. ರೈತರು ಬೀಜದ ಗೋಧಿಯನ್ನು ಚೀಲದಲ್ಲೇ ಇಟ್ಟುಕೊಂಡು ಕೂತಿದ್ದರು. ಸುಟ್ಟುಹೋದ ಗಿರಣಿಯನ್ನು ನಡೆಸುತ್ತಿದ್ದ ಮುದುಕಿ ತೇಜಾ ನನ್ನನ್ನೇ ಕೇಳಿದಳು, "ಬಿತ್ತಿ ಏನ್ ಮಾಡೋದು ತಾಯೀ? ಯಾರ ಕುದುರೆಗೆ ಮೇಯ್ಸೋಕೆ?" ಹಿಮ ಬೀಳುವ ಮೊದಲು ಬಿತ್ತದಿದ್ದರೆ ಬರುವ ವರ್ಷ ಇಡೀ ಕಣಿವೆ ಹಸಿವಿನಲ್ಲಿ ಸಾಯುತ್ತಿತ್ತು. ಅದಕ್ಕೇ ನಾನು ಎರಡೂ ಕಡೆಗೆ ಹೇಳಿಕಳಿಸಿದೆ, ಬನ್ನಿ, ನನ್ನ ಮನೆಯಲ್ಲಿ ಕೂತು ಮಾತಾಡಿ ಎಂದು.

ಬಂದರು. ಚಕ್ರವರ್ತಿಯ ಕಡೆಯಿಂದ ಕಾಲು ಊದಿಕೊಂಡ ಒಬ್ಬ ಜರ್ಮನ್ ಬಿಷಪ್, ಪೋಪರ ಕಡೆಯಿಂದ ನೆಗಡಿ ಹಿಡಿದ ಒಬ್ಬ ಕಾರ್ಡಿನಲ್. ಬಂದ ತಕ್ಷಣ ಶುರುವಾದದ್ದು ಯಾರು ನನ್ನ ಬಲಕ್ಕೆ ಕೂರಬೇಕು ಎಂಬ ತಕರಾರು. ನಾನು ಕೂರಲೇ ಇಲ್ಲ. ಮೂರು ದಿನವೂ ನಿಂತು ಬಡಿಸಿದೆ. ಕೂರದವಳಿಗೆ ಬಲ ಎಲ್ಲಿಯದು, ಎಡ ಎಲ್ಲಿಯದು? ಇಬ್ಬರಿಗೂ ಹೊಸ ದ್ರಾಕ್ಷಾರಸ ಇಷ್ಟವಾಯಿತು, ಹಂದಿಯ ಈಲಿ ಇನ್ನೂ ಇಷ್ಟವಾಯಿತು. ಮಾತು ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ಹೌದೂ ಅಲ್ಲ, ಇಲ್ಲವೂ ಅಲ್ಲ. ಕೊನೆಗೂ ಕಾಗದ ಸಿದ್ಧವಾಯಿತು. ಆಗ ಕಾರ್ಡಿನಲ್, "ಆಣೆ ಯಾರು ಮಾಡ್ತಾರೆ?" ಎಂದರು.

"ನಮ್ಮ ಚಕ್ರವರ್ತಿಗಳು ತಾವೇ ಆಣೆ ಮಾಡೋದಿಲ್ಲ. ಅವರ ಪರವಾಗಿ ಬೇರೆಯವರು ಮಾಡೋದು ಪದ್ಧತಿ," ಎಂದರು ಬಿಷಪ್.

"ಬೇರೆಯವರು ಮಾಡಿದ್ದನ್ನ ಅವರು ಮುರಿಯೋದೂ ಪದ್ಧತೀನೇ," ಎಂದು ಕಾರ್ಡಿನಲ್ ಸೀನಿದರು.

ಇನ್ನೇನು ಎದ್ದುಹೋಗುತ್ತಾರೆ ಅನ್ನಿಸಿತು. "ಜಾಮೀನು ನಾನಿರ್ತೀನಿ," ಎಂದುಬಿಟ್ಟೆ. "ಯಾರು ಮಾತು ತಪ್ತಾರೋ, ಈ ಕೋಟೆ ಇನ್ನೊಬ್ಬರ ಪಾಲು. ಆಯ್ತಾ?" ಇಬ್ಬರೂ ಮುಖ ಮುಖ ನೋಡಿಕೊಂಡರು. ಈ ಬೆಟ್ಟದ ದಾರಿಯ ಬೀಗದ ಕೈ ಪಿಯೆತ್ರಾಲ್ಬಾ. ಅದಕ್ಕಿಂತ ದೊಡ್ಡ ಜಾಮೀನು ಯಾರು ಕೊಟ್ಟಾರು? ಒಪ್ಪಿದರು. ನಾನು ಸುವಾರ್ತೆಯ ಪುಸ್ತಕದ ಮೇಲೆ ಕೈ ಇಡಲು ಹೋದೆ. ಆಗ ನೋಡು, ಈ ಲಾನ್ಫ್ರಾಂಕೊ ಕೆಮ್ಮಿದ.

"ತಪ್ಪು ತಿಳೀಬೇಡಿ ಅಮ್ಮಾವ್ರೇ. ನಮ್ಮ ಲೊಂಬಾರ್ದರ ಕಾನೂನಿನ ಪ್ರಕಾರ ಹೆಂಗಸಿನ ಮಾತು ಒಂಟಿಯಾಗಿ ನಿಲ್ಲೋದಿಲ್ಲ. ಪೋಷಕನ ಕೈ ಜೊತೆಗಿರ್ಬೇಕು. ವಿಧವೆಗೆ ಪೋಷಕ ಅಂದ್ರೆ ಬೆಳೆದ ಮಗ."

ಬಿಷಪರು ಊದಿದ ಕಾಲನ್ನೂ ಮರೆತು ನಕ್ಕರು. "ಐದು ವಾರ ನಮ್ಮ ಸೈನ್ಯಾನ ಗೋಡೆ ಹೊರಗೆ ನಿಲ್ಸಿದ ಹೆಂಗಸಿನ ಮಾತು ನಡೆಯೋದಿಲ್ವಾ?"

"ಗೋಡೆ ಮೇಲಿಂದ ಕುದಿಯೋ ನೀರು ಸುರಿಯೋವಾಗ, ಪೋಷಕರ ಕೈ ಎಲ್ಲಿ ಅಂತ ಯಾರೂ ಕೇಳ್ಲಿಲ್ಲ ಸ್ವಾಮಿ," ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಾನು ನಕ್ಕದ್ದು ಮೇಲೆ ಮೇಲೆ ಅಷ್ಟೇ.

ಏಕೆಂದರೆ ಮಗ ಅಂದರೆ ಉಬಾಲ್ದೊ. ನೀನು ಮಠ ಸೇರುವ ಮೊದಲು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡಿದ್ದೆಯಲ್ಲ, ಅದೇ ನಿನ್ನ ಉಬಾಲ್ದೊ. ಅವನಪ್ಪ ಬೊಸೋನೆ ಚಕ್ರವರ್ತಿಯ ಸೇವೆಯಲ್ಲೇ ಸತ್ತರು. ಅವರು ಸತ್ತು ವರ್ಷ ತುಂಬುವ ಮೊದಲೇ ಅದೇ ಚಕ್ರವರ್ತಿಯ ಜನ ನನ್ನನ್ನೂ ಕೋಟೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಒಬ್ಬ ಜರ್ಮನ್ ಸರದಾರನಿಗೆ ಕೊಡಲು ನೋಡಿದರು. ಬೇಡ ಎನ್ನುವ ಹಕ್ಕು ನಿನಗಿದೆ ಎಂದವರು ಪೋಪರು ಮಾತ್ರ. ನಾನು ಅವರ ಕಡೆ ನಿಂತೆ. ಉಬಾಲ್ದೊ, "ಅಪ್ಪನ ಒಡೆಯನ್ನ ನಾನು ಬಿಡೋಲ್ಲ" ಎಂದು ಕುದುರೆ ಹತ್ತಿದ. ಎರಡು ವರ್ಷವಾಯಿತು. ಮುತ್ತಿಗೆಯ ಹೊತ್ತಿನಲ್ಲಿ ಹೊಳೆಯಾಚೆಯ ಡೇರೆಗಳ ನಡುವೆ ಅವನ ಗುರಾಣಿಯನ್ನು ನಾನು ಗೋಡೆಯ ಮೇಲಿಂದ ನೋಡಿದ್ದೆ. ಗೋಡೆಯ ಹತ್ತಿರ ಅವನು ಒಂದು ದಿನವೂ ಬರಲಿಲ್ಲ. ನನ್ನ ಮೇಲೆ ಬಾಣ ಬಿಡಲು ಮನಸ್ಸಾಗದೆ ದೂರ ನಿಂತ ಎಂದು ನಾನು ಅಂದುಕೊಂಡಿದ್ದೇನೆ.

ಅವನು ಒಪ್ಪದಿದ್ದರೆ ಬೇರೆ ಪೋಷಕನನ್ನು ನೇಮಿಸುವವರು ಚಕ್ರವರ್ತಿಯ ನ್ಯಾಯಾಧೀಶರು. ಅದನ್ನು ಕಾರ್ಡಿನಲ್ ಒಪ್ಪುವುದಿಲ್ಲ. ಅಲ್ಲಿಗೆ ಸಂಧಿಯೂ ಇಲ್ಲ, ಬಿತ್ತನೆಯೂ ಇಲ್ಲ. ಅವನನ್ನು ಕರೆತರಲು ಆಳನ್ನು ಓಡಿಸಿದೆ. ಅವನನ್ನು ಕಳಿಸಿಕೊಡಿ ಎಂದು ಬಿಷಪರೂ ಒಂದು ಚೀಟಿ ಕೊಟ್ಟರು. ಅವನು ಬರುವವರೆಗೆ ನನಗೆ ತುತ್ತು ಇಳಿಯಲಿಲ್ಲ. ಅಡುಗೆಯ ಬೆಲ್ಲೂಚಾ, "ಬರ್ತಾನೆ ಬಿಡಿ, ನನ್ನ ಚೆಸ್ಟ್‌ನಟ್ ಗಂಜಿ ವಾಸನೆ ಬೆಟ್ಟ ದಾಟಿ ಹೋಗತ್ತೆ" ಎಂದು ಸಮಾಧಾನ ಮಾಡುತ್ತಲೇ ಇದ್ದಳು.

ಬಂದ, ರೋಲಿಂದಾ! ಸಂತ ಮಾರ್ಟಿನರ ಹಬ್ಬದ ಬೆಳಿಗ್ಗೆ ಇಬ್ಬರೇ ಸವಾರರ ಜೊತೆ ಬಂದ. ಗಡ್ಡ ಬಂದಿದೆ, ಕೆನ್ನೆ ಒಳಗೆ ಹೋಗಿದೆ, ನಡೆಯುವುದು ಥೇಟ್ ಬೊಸೋನೆಯ ಹಾಗೆಯೇ. ನಾನು ಮೆಟ್ಟಿಲಿಳಿಯುವ ಮೊದಲೇ ಬೆಲ್ಲೂಚಾ ಕೈಯಲ್ಲಿ ಸೌಟು ಹಿಡಿದೇ ಅಂಗಳಕ್ಕೆ ನುಗ್ಗಿದಳು.

"ಏನಪ್ಪಾ ಇದು, ಬರೀ ಮೂಳೆ! ಚಕ್ರವರ್ತಿ ಮನೇಲಿ ಊಟ ಹಾಕಲ್ವಾ? ಬರೀ ಕಿರೀಟ ತೋರ್ಸಿ ಮಲಗಿಸ್ತಾನಾ?"

"ಹಾಕ್ತಾರೆ ಬೆಲ್ಲೂಚಾ. ಉಪ್ಪಿರೋದಿಲ್ಲ ಅಷ್ಟೇ," ಎಂದ. ಆ ನಗು ಹಾಗೆಯೇ ಇದೆ. ಅಡುಗೆಮನೆಯಲ್ಲಿ ನಿಂತೇ ಎರಡು ಬಟ್ಟಲು ಗಂಜಿ ಕುಡಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನಗೆ ತಲೆಬಾಗಿ ವಂದಿಸಿದ, ಆರೋಗ್ಯ ವಿಚಾರಿಸಿದ. ಹೆಚ್ಚು ಮಾತಿಗೆ ಹೊತ್ತಿರಲಿಲ್ಲ, ದೊಡ್ಡವರು ಕಾಯುತ್ತಿದ್ದರು.

ಸಂಧಿಯ ಕಾಗದವನ್ನು ಅವನು ಕಣ್ಮುಚ್ಚಿ ಒಪ್ಪಲಿಲ್ಲ. ಒಂದೊಂದು ಸಾಲನ್ನೂ ಲಾನ್ಫ್ರಾಂಕೊನಿಂದ ಎರಡೆರಡು ಸಲ ಓದಿಸಿದ. ಮೊದಲು ಅದರಲ್ಲಿ ಈಸ್ಟರ್ ಹಬ್ಬದವರೆಗೆ ಎಂದಷ್ಟೇ ಇತ್ತು. ಉಬಾಲ್ದೊ ಕೇಳಿದ, "ಕುರಿಗಳು ಬೆಟ್ಟ ಹತ್ತೋದು ಈಸ್ಟರ್ ಆದ್ಮೇಲೆ. ಆವಾಗ ಸಂಧಿ ಮುಗಿದಿದ್ರೆ ಕುರಿ ಎಲ್ಲಿ ನಿಲ್ಬೇಕು ಸ್ವಾಮಿ, ಹೊಳೆ ಮಧ್ಯದಲ್ಲಾ? ಗೋಧಿ ತೆನೆ ಆಗೋದೂ ಆವಾಗ್ಲೇ. ಬಿತ್ತೋಕೆ ಬಿಟ್ಟು ಕೊಯ್ಯೋಕೆ ಬಿಡದೇ ಇರೋ ಸಂಧಿ ಯಾಕೆ?" ಬಿಷಪರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು. ಕಾರ್ಡಿನಲ್ ಮೂಗೊರೆಸಿಕೊಂಡು ತಲೆ ಆಡಿಸಿದರು. ಸಂತ ಯೋಹಾನರ ಹಬ್ಬದವರೆಗೆ ಎಂದು ತಿದ್ದಿದ್ದಾಯಿತು. ಇಷ್ಟು ವರ್ಷ ಕೋಟೆ ಆಳಿದ ನನಗೆ, ಇಷ್ಟು ವರ್ಷ ಧರ್ಮಗ್ರಂಥ ಓದಿದ ಅವರಿಗೆ ಹೊಳೆಯದ್ದು ಇಪ್ಪತ್ತೆರಡರ ಹುಡುಗನಿಗೆ ಹೊಳೆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀನು ನಗಬಹುದು. ನಗು, ನನಗೇನೂ ಬೇಸರವಿಲ್ಲ.

ಆಮೇಲೆ ಸುವಾರ್ತೆಯ ಮೇಲೆ ನಾನು ಕೈಯಿಟ್ಟೆ. ನನ್ನ ಕೈಯ ಮೇಲೆ ಅವನು ಕೈಯಿಟ್ಟ. ಲಾನ್ಫ್ರಾಂಕೊ ಉದ್ದಕ್ಕೆ ಲ್ಯಾಟಿನ್ ಓದಿದ. ಅದು ಇನ್ನೂ ಉದ್ದವಿದ್ದರೆ ಚೆನ್ನಾಗಿತ್ತು ಎಂದು ಮೊದಲ ಸಲ ಅನ್ನಿಸಿತು. ಅವನ ಅಂಗೈ ಲಗಾಮು ಹಿಡಿದು ಹಿಡಿದು ಒರಟಾಗಿದೆ, ಬೆಚ್ಚಗಿತ್ತು. ನನಗೆ ಬಹಳ ಸಂತೋಷವಾಯಿತು. ಅದನ್ನು ಬೇರೆ ಹೇಗೆ ಹೇಳುವುದೋ ಗೊತ್ತಿಲ್ಲ.

ಮರುದಿನವೇ ಬಿತ್ತನೆ ಶುರುವಾಯಿತು. ಗೋಪುರದ ಮೇಲಿಂದ ನೋಡಿದರೆ ಹೊಳೆಯ ಎರಡೂ ದಂಡೆಯಲ್ಲಿ ಜನ, ಎತ್ತು, ಬೀಜಕ್ಕೆ ಮುಗಿಬೀಳುವ ಕಾಗೆ. ಹೊಲದ ಬದುವಿನಲ್ಲಿ ತೇಜಾ ಸಿಕ್ಕಳು. "ಪೋಪೂ ಚಕ್ರವರ್ತೀನೂ ಸೇರಿ ಏನೋ ಒಪ್ಪಂದ ಮಾಡ್ಕೊಂಡ್ರಂತೆ ತಾಯೀ?" ಎಂದಳು. ಹೌದು ಎಂದೆ. "ನನ್ನ ಗಂಡ ಬೇರೇನೇ ಹೇಳ್ದ. ಅದು ನೀವೂ ಚಿಕ್ಕೊಡೇರೂ ಸೇರಿ ಮಾಡಿದ್ದಂತೆ?" ಅದಕ್ಕೂ ಹೌದು ಎಂದೆ. "ಹಂಗಾದ್ರೆ ಬಿತ್ತಬಹುದು ಬಿಡಿ," ಎಂದು ಉಡಿಯ ಬೀಜ ಚೆಲ್ಲುತ್ತಾ ಹೋದಳು. ದೊಡ್ಡವರಿಬ್ಬರ ಮುದ್ರೆಗಿಂತ ನಮ್ಮಿಬ್ಬರ ಕೈಗೇ ಅವಳ ಹತ್ತಿರ ಬೆಲೆ ಜಾಸ್ತಿ.

ಉಬಾಲ್ದೊ ಹೆಚ್ಚು ದಿನ ನಿಲ್ಲಲಿಲ್ಲ. ಚಳಿ ಬಲಿಯುವ ಮೊದಲು ಬಯಲು ಸೇರಬೇಕೆಂದು ಹಬ್ಬದ ಮರುದಿನವೇ ಹೊರಟ. ಬಿಷಪರ ಕಾಲಿಗೆ ನಾನು ಬಾರ್ಲಿಯ ಪಟ್ಟು ಕಟ್ಟಿ ಕಳಿಸಿದೆ. ನೋವು ಕಡಿಮೆಯಾಯಿತೆಂದು ಹೇಳಿಕಳಿಸಿದ್ದಾರೆ. ಕಾರ್ಡಿನಲ್ಲರ ನೆಗಡಿ ಮಾತ್ರ ಈಗ ಇಡೀ ಕೋಟೆಗೆ ಹಬ್ಬಿದೆ. ಪೋಪರ ಕಡೆಯಿಂದ ನಮಗೆ ಸಿಕ್ಕ ಪ್ರಸಾದ ಅದೊಂದೇ.

ಈ ಪತ್ರ ತರುವವನ ಹತ್ತಿರ ಎರಡು ಚೀಲ ಚೆಸ್ಟ್‌ನಟ್, ಒಂದು ಗಡಿಗೆ ಜೇನು, ಒಣಗಿಸಿದ ಹಂದಿಮಾಂಸ ಕಳಿಸಿದ್ದೇನೆ. ಕ್ರಿಸ್ಮಸ್ ಮುಂಚಿನ ಉಪವಾಸ ಶುರುವಾಗುವ ಮೊದಲೇ ತಿಂದು ಮುಗಿಸಿ. ನಿನ್ನ ಮಠದ ಹಿತ್ತಲಿನ ಪೇರ್ ಮರದ ಕಡ್ಡಿ ಎರಡು ಕಳಿಸು, ಇಲ್ಲಿ ಕಸಿ ಮಾಡಿಸುತ್ತೇನೆ. ನಿನ್ನ ಮಂಡಿನೋವು ಹೇಗಿದೆ? ಕಲ್ಲಿನ ನೆಲದ ಮೇಲೆ ಅಷ್ಟು ಹೊತ್ತು ಪ್ರಾರ್ಥನೆ ಬೇಡ. ಕಂಬಳಿ ಹಾಸಿಕೊಂಡರೆ ದೇವರಿಗೇನೂ ಕಡಿಮೆ ಕೇಳಿಸುವುದಿಲ್ಲ.

ನಿನ್ನ ಮಠದ ಹೆಣ್ಣುಮಕ್ಕಳೆಲ್ಲರಿಗೂ ಒಳ್ಳೆಯದಾಗಲಿ. ನಿನ್ನ ಒಲೆ ಆರದಿರಲಿ, ನಿನ್ನ ಬಾಗಿಲಿಗೆ ಸೈನಿಕರು ಬಾರದಿರಲಿ. ನಮ್ಮ ಹೊಲ ಹಸಿರಾದಾಗ ಒಮ್ಮೆ ಬಂದು ನೋಡು.

ನಿನ್ನ ಅಕ್ಕ,
ಎರ್ಮೆಲಿನಾ

ತಾ.ಕ. ಸೊಟ್ಟ ಅಕ್ಷರ ನೋಡಿಯೇ ನಿನಗೆ ತಿಳಿದಿರಬೇಕು, ಇದು ನನ್ನದೇ ಕೈಬರಹ. ಲಾನ್ಫ್ರಾಂಕೊನನ್ನು ಊಟಕ್ಕೆ ಕಳಿಸಿದ್ದೇನೆ. ಅವನೂ ಅಂಗಳದಲ್ಲಿದ್ದ, ಎಲ್ಲವನ್ನೂ ಕಂಡಿದ್ದಾನೆ. ಆದರೂ ಇದನ್ನು ಅವನಿಂದ ಬರೆಸಲು ನನ್ನಿಂದಾಗಲಿಲ್ಲ.

ಉಬಾಲ್ದೊ ಹೊರಟ ಬೆಳಿಗ್ಗೆ ಕೊರೆಯುವ ಚಳಿ. ಬೊಸೋನೆಯ ತೋಳದ ತುಪ್ಪಳದ ಮೇಲುಹೊದಿಕೆಯನ್ನು ಪೆಟ್ಟಿಗೆಯಿಂದ ತೆಗೆಸಿ ಅವನ ಹೆಗಲಿಗೆ ಹಾಕಿದೆ. ಬೇಡವೆನ್ನಲಿಲ್ಲ. ಕೊರಳ ಕೊಂಡಿ ಹಾಕಲೆಂದು ಚಿಕ್ಕವನಿದ್ದಾಗಿನ ಹಾಗೆಯೇ ಬಗ್ಗಿದ. ಆಮೇಲೆ ಎಡಗೈಯ ಕೈಗವಸು ತೆಗೆದು ನನ್ನ ಅಂಗೈಯಲ್ಲಿಟ್ಟು, ಕುದುರೆಯ ಕಡೆ ನಡೆದ.

ನಮ್ಮ ಕಡೆಯ ಪದ್ಧತಿ ನಿನಗೂ ಗೊತ್ತು. ಪರಕೀಯರಿಂದ ಕುದುರೆಯನ್ನೋ ಭೂಮಿಯನ್ನೋ ಉಡುಗೊರೆಯಾಗಿ ಪಡೆದವನು ತಿರುಗಿ ಒಂದು ಕೈಗವಸು ಕೊಡುತ್ತಾನೆ. ಅಲ್ಲಿಗೆ ಅವರಿಗೂ ಇವರಿಗೂ ಇದ್ದದ್ದು ತೀರಿತು, ಮುಂದೆ ಯಾರೂ ಯಾರನ್ನೂ ಏನೂ ಕೇಳುವಂತಿಲ್ಲ. ತಾಯಿಗೆ ಯಾವ ಮಗನೂ ಅದನ್ನು ಕೊಟ್ಟದ್ದನ್ನು ನಾನು ಕಂಡಿಲ್ಲ. ಕುಡಿದ ಹಾಲಿಗೆ ಯಾರಾದರೂ ಕೈಗವಸು ಕೊಡುತ್ತಾರೆಯೇ? ಅವನು ಕಣಿವೆಗಾಗಿ ಬಂದಿದ್ದ, ರೋಲಿಂದಾ. ನನಗಾಗಿ ಬಂದಿರಲಿಲ್ಲ.

ಆದರೆ ಆ ಹೊತ್ತಿನಲ್ಲಿ ನನಗೆ ಇದೊಂದೂ ಹೊಳೆಯಲಿಲ್ಲ. ಲಾನ್ಫ್ರಾಂಕೊ ಯಾಕೆ ನೆಲ ನೋಡುತ್ತಿದ್ದಾನೆಂದೂ ತಿಳಿಯಲಿಲ್ಲ. ಹರಿದಿದೆ, ಅಮ್ಮ ಹೊಲಿದುಕೊಡಲಿ ಎಂದು ಕೊಟ್ಟನೆಂದುಕೊಂಡು ನನಗೆ ಎಷ್ಟು ಸಂತೋಷವಾಯಿತು! ಸೂಜಿ ತಾ ಎಂದು ಬೆಲ್ಲೂಚಾಳನ್ನು ಕೂಗಿದೆ. ಬೆಳಕಿಗೆ ಹಿಡಿದು ಒಂದೊಂದೇ ಬೆರಳನ್ನು ತಿರುಗಿಸಿ ನೋಡಿದೆ. ಎಲ್ಲೂ ಹರಿದಿರಲಿಲ್ಲ.