ಎಮ್ಮೆಗಿಟ್ಟ ಹಿಟ್ಟು

ಹೊಳಗುಂದ
೨೭ ನವೆಂಬರ್ ೧೯೩೮

ಚಿ. ಸೌ. ತಂಗಿ ಶಂಕರಮ್ಮನಿಗೆ ಅಕ್ಕ ಗಂಗಕ್ಕನ ಆಶೀರ್ವಾದ. ನಾವಿಲ್ಲಿ ಉಂಡು ತಿಂದು ಇದ್ದೇವೆ, ಆದೋನಿಯಲ್ಲಿ ನೀವೂ ಹಾಗೇ ಇರಿ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು, ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಮಾಸ್ತರರ ಕೈಲಿ ಬರೆಸೋಣವೆಂದರೆ ಇದು ಮಂದಿಯ ಕಿವಿಗೆ ಬೀಳುವ ಮಾತಲ್ಲ. ಅಪ್ಪ ನಮ್ಮಿಬ್ಬರಿಗೂ ನಾಲ್ಕಕ್ಷರ ಕಲಿಸಿದ್ದು ಒಳ್ಳೆಯದೇ ಆಯಿತು.

ಇಲ್ಲಿ ಹತ್ತಿ ಬಿಡಿಸುವುದು ನಡೆದಿದೆ. ನಿನ್ನ ಭಾವನವರ ಮೊಣಕಾಲು ನೋವು ತುಸು ಇಳಿದಿದೆ.

ನಿನ್ನ ಮಗಳು ಪಕೀರಮ್ಮನ ಮದುವೆಗೆ ಮುನ್ನೂರು ಮಂದಿ ಬರುತ್ತಾರೆ, ಜೋಳದ ಹಿಟ್ಟು ಕೆಡದಂತೆ ಹೇಗಿಡಲಿ ಎಂದು ಕೇಳಿದ್ದೀಯ. "ಎಂಟು ದಿನ ಮೊದಲ ಬಾ ಯಕ್ಕಾ, ಹಿಟ್ಟಿನ ಕೆಲಸ ನಿಂದ" ಎಂದೂ ಬರೆದಿದ್ದೀಯ. ಅಬ್ಬಾ, ನಿನ್ನ ಎದೆಗಾರಿಕೆಯೇ!

ಕೇಳಿದ್ದಕ್ಕೆ ಹೇಳುತ್ತೇನೆ. ಎಲ್ಲವನ್ನೂ ಒಮ್ಮೆಲೇ ಬೀಸಿಸಬೇಡ, ದಿನ ಕಳೆದಂತೆ ಹಿಟ್ಟು ಜಿಗುಟು ಬಿಡುತ್ತದೆ. ಬೀಸಿದ ಬಿಸಿಯಲ್ಲೇ ಗಡಿಗೆಗೆ ಸುರಿದರೆ ಬೆವರಿ ಗಂಟಾಗುತ್ತದೆ, ಬಟ್ಟೆಯ ಮೇಲೆ ಹರವಿ ಆರಿಸು. ಒಣಗಿದ ಗಡಿಗೆಗೆ ತುಂಬಿ ಬಾಯಿ ಕಟ್ಟು. ಹಳೆಯ ಹಿಟ್ಟಿನ ಮೇಲೆ ಹೊಸದನ್ನು ಸುರಿಯಬೇಡ. ನಾದುವ ಮೊದಲು ಮೂಸಿ ನೋಡು, ಚಿಟಿಕೆ ನಾಲಿಗೆಗೆ ಹಚ್ಚು. ಹೊಸದು ಸಿಹಿ ಇರುತ್ತದೆ, ಹಳತು ಗಂಟಲಲ್ಲಿ ಕಹಿ ಹಿಡಿಯುತ್ತದೆ. ಅಂಥದಕ್ಕೆ ಎಷ್ಟು ಕುದಿನೀರು ಹಾಕಿದರೂ ರೊಟ್ಟಿ ಬಡಿಯುವಾಗ ಅಂಚು ಸೀಳಿಕೊಂಡೇ ಹೋಗುತ್ತದೆ.

ಇದೆಲ್ಲ ನಿನಗೆ ಗೊತ್ತಿಲ್ಲವೇನೇ? ಗೊತ್ತಿಲ್ಲದಿದ್ದರೆ ಆ ಕೆಲಸ ಮಾಡಲಾಗುತ್ತಿತ್ತೇ?

ದಸರೆಯ ಮೇಲೆ ಗೋನೆಗಂಡ್ಲದ ಸುಂಕಪ್ಪನವರು ತಮ್ಮ ಮಗನಿಗೆ ನನ್ನ ಮಗಳು ಉಚ್ಚಮ್ಮನನ್ನು ನೋಡಲು ಬಂದದ್ದು ನಿನ್ನ ಮನೆಗೇ. ಎರಡೂ ಊರಿಗೆ ನಡುವೆ, ತಂಗಿಯ ಮನೆ ಬೇರೆ ಎಂದು ನಾನೇ ಅಲ್ಲಿಗೆ ಕರೆಸಿದ್ದೆ. ಪದ್ಧತಿಯಂತೆ ಹುಡುಗಿ ಬಂದವರೆದುರು ರೊಟ್ಟಿ ಬಡಿಯಲು ಕೂತಳು. ಒಂದಾದರೂ ಇಡಿಯಾಗಿ ಹಂಚಿಗೆ ಹೋಗಲಿಲ್ಲ. ಸುಂಕಪ್ಪನ ಹೆಂಡತಿ ಎದ್ದು, "ಹುಡುಗಿ ಲಕ್ಷಣ ಅದಾಳ, ಖರೆ. ಆದ್ರ ಕೈಯಾಗ ರೊಟ್ಟಿ ನಿಲ್ಲವಲ್ದು. ನಮ್ಮನ್ಯಾಗ ದಿನಾ ಇಪ್ಪತ್ತು ಮಂದಿಗೆ ಬಡೀಬೇಕವ್ವಾ" ಎಂದಳು. ಮಾತು ಅಲ್ಲಿಗೇ ಮುರಿಯಿತು. ನಿನ್ನ ಸೆರಗಿನಿಂದ ನನ್ನ ಕಣ್ಣೊರೆಸಿದವಳು ನೀನು.

ಹತ್ತು ದಿನಕ್ಕೆ ಅದೇ ಹುಡುಗನಿಗೆ ನಿನ್ನ ಪಕೀರಮ್ಮ ರೊಟ್ಟಿ ಬಡಿದಳು, ನಿಶ್ಚಯವೂ ಆಯಿತು. "ಋಣಾನುಬಂಧ ಯಕ್ಕಾ, ನಮ್ಮ ಕೈಯಾಗ ಏನೈತಿ" ಎಂದು ನೀನು ಹೇಳಿ ಕಳಿಸಿದೆ. ನಾನು ನಂಬಿದೆ, ಹುಚ್ಚಿ.

ಹೋದ ವಾರ ನಿನ್ನ ಮನೆಯಲ್ಲಿ ಬೀಸುವ ಕೊಟ್ರಮ್ಮ ನೆಂಟರ ಮನೆಗೆಂದು ಇಲ್ಲಿಗೆ ಬಂದಿದ್ದಳು. ನನ್ನ ಮುಂದೆ ಕೂತು ಅತ್ತಳು. "ಅವತ್ತು ಮುಂಜಾನಿ ಎರಡು ಸೇರು ಹೊಸ ಜ್ವಾಳ ಬೀಸಿದ್ದೆ ಯಕ್ಕಾ. 'ಅದನ್ನ ಅಟ್ಟಕ್ಕಿಡು, ಶ್ರಾವಣದಾಗ ಬೀಸಿ ಎಮ್ಮಿಗಿಟ್ಟ ಹಿಟ್ಟು ಐತಲ್ಲ, ಅದನ್ನ ಉಚ್ಚಿ ಮುಂದ ಇಡು' ಅಂದಳು ನಿನ್ನ ತಂಗಿ. ನಾನು ಕೂಲಿಯಾಕಿ, ಏನಂತ ಬಾಯಿ ಬಿಡ್ಲಿ?"

ಎಮ್ಮೆಗಿಟ್ಟ ಹಿಟ್ಟು, ಶಂಕರೀ! ಹುಡುಗ ಬೇಕೆಂದು ಬಾಯಿಬಿಟ್ಟು ಕೇಳಿದ್ದರೆ ನಾನೇ ಹಿಂದೆ ಸರಿಯುತ್ತಿದ್ದೆನೋ ಏನೋ. ಕೇಳಲಿಲ್ಲ. ನೀನು ಎತ್ತಿ ಆಡಿಸಿದ ಕೂಸಿಗೆ ಕೈಗುಣವಿಲ್ಲ ಎಂಬ ಮಾತು ಈಗ ಆಸ್ಪರಿಯವರೆಗೂ ಹೋಗಿದೆ. ಇನ್ನು ಯಾರು ಬಂದು ಕೇಳುತ್ತಾರೆ ಅವಳನ್ನು?

ಪಕೀರಮ್ಮ ಏನೂ ಅರಿಯದವಳು. ಗಂಡ ಮಕ್ಕಳೊಂದಿಗೆ ನೂರು ಕಾಲ ಬಾಳಲಿ, ಇದನ್ನು ತುಂಬಿದ ಮನಸ್ಸಿನಿಂದ ಬರೆದಿದ್ದೇನೆ. ಮದುವೆಗೆ ನಾನು ಬರುವುದಿಲ್ಲ. ಮೈ ಸರಿಯಿಲ್ಲವೆಂದು ಮಂದಿಗೆ ಹೇಳು.

ನಿನ್ನ ಅಕ್ಕ,
ಗಂಗಕ್ಕ

ತಾ.ಕ.: ಆ ದಿನ ಊರಿಗೆ ಮರಳುವಾಗ ಬಂಡಿಯಲ್ಲೇ ಉಚ್ಚಮ್ಮನ ಅಂಗೈಗೆ ಕೋಲಿನಿಂದ ಹೊಡೆದೆ, ಬಾಸುಂಡೆ ಬರುವಂತೆ. ಕೊಟ್ರಮ್ಮ ಹೋದ ಮೇಲೆ, "ಹಿಟ್ಟು ನಾಲಿಗಿಗೆ ಹಚ್ಚಿ ನೋಡಬಾರದಿತ್ತೇನ?" ಎಂದು ಕೇಳಿದೆ. "ನೋಡಿದ್ದೆ ಯವ್ವಾ, ಕಹಿ ಇತ್ತು. ಬಂದವರ ಮುಂದ ಅಂದ್ರ ಚಿಗವ್ವನ ಮಾನ ಹೋಗ್ತಿತ್ತಲ್ಲ" ಎಂದಳು. ಹೊಡೆಯುವಾಗಲೂ ಬಾಯಿ ಬಿಡಲಿಲ್ಲ. ನಿನ್ನ ಮಾನ ಕಾದವಳನ್ನು ನಾನು ಹೊಡೆದೆನಲ್ಲೇ, ಶಂಕರೀ.