ತೀರಿಕೊಂಡವರ ಹೆಸರಿಗೆ ಅತಿವೇಗದ ದಂಡ

ಮಗೂ,

ನಿಮ್ಮಪ್ಪ ತೀರಿಕೊಂಡ ಸುದ್ದಿ ಬಂದ ದಿನ ನೀನು ಅವರ ಕಾರನ್ನು ಆಸ್ಪತ್ರೆಗೆ ಹಾರಿಸಿಕೊಂಡು ಹೋದೆ. ಅಡ್ಡಹಾಕಿದ ಪೊಲೀಸರು ನಿನ್ನ ಮುಖ ನೋಡಿ ಬಿಟ್ಟರು. ದಿನಾ ಬಿಡುತ್ತಾರೆಯೇ?

ಇವತ್ತು ಅತಿವೇಗದ ದಂಡದ ನೋಟಿಸು ಬಂದಿದೆ, ಅವರ ಹೆಸರಿಗೇ. ಜೀವಮಾನವಿಡೀ ಬಸ್ಸು ಓಡಿಸಿದರೂ ಯಾರಿಂದಲೂ ಒಂದು ಮಾತು ಕೇಳಿಸಿಕೊಂಡವರಲ್ಲ ಅವರು. ನೋಟಿಸು ತಂದ ಪೊಲೀಸಿನವನು, "ಯಜಮಾನ್ರಿಗೆ ಸ್ವಲ್ಪ ನಿಧಾನ ಹೋಗೋಕೆ ಹೇಳಿ, ಅಮ್ಮಾ" ಎಂದ.

"ಮಣ್ಣಲ್ಲಿ ಮಲಗಿದಾರೆ, ಇನ್ನೆಷ್ಟು ನಿಧಾನ ಆಗ್ಬೇಕಪ್ಪಾ?" ಎಂದೆ.

ಕೀಲಿಕೈ ನನ್ನ ಚೀಲದಲ್ಲಿದೆ, ಹುಡುಕಬೇಡ. ಕಾರನ್ನು ನಿನ್ನ ಹೆಸರಿಗೆ ಮಾಡಿಸುವವರೆಗೆ ಬಸ್ಸಿನಲ್ಲಿ ಓಡಾಡು. ಊಟ ಮುಚ್ಚಿಟ್ಟಿದ್ದೇನೆ. ನಾನು ಪ್ರಾರ್ಥನೆಗೆ ಹೊರಟೆ.

ದೇವರೇ, ಇನ್ನಾದರೂ ಅವರನ್ನು ಯಾರೂ ಅಡ್ಡಹಾಕದಿರಲಿ. ಅವರ ಆತ್ಮ ನಿನ್ನ ನೆರಳಿನಲ್ಲಿ ತಣ್ಣಗಿರಲಿ.